ಕೊಂಡಾಡೊ ಲಗೂನಿನ ರಾತ್ರಿದೋಣಿ

ಕೊಂಡಾಡೊ ಲಗೂನ್ ಪೋರ್ಟೊ ರಿಕೊ ದ್ವೀಪದ ರಾಜಧಾನಿ ಸಾನ್ ಹ್ವಾನ್ ನಗರದ ಒಡಲೊಳಗಿರುವ ಉಪ್ಪುನೀರಿನ ಹರವು. ವಿಸ್ತಾರ ಸುಮಾರು 100 ಎಕರೆ. ಉತ್ತರಕ್ಕೆ ಕೊಂಡಾಡೊ ಎಂಬ ಕಿರಿದಾದ ನೆಲದ ಪಟ್ಟಿ, ಅದರ ಮೇಲೆ ಸಾಲುಗಟ್ಟಿದ ಹೋಟೆಲುಗಳು, ಅದರಾಚೆ ಅಟ್ಲಾಂಟಿಕ್ ಸಾಗರ. ದಕ್ಷಿಣಕ್ಕೆ ಮಿರಾಮಾರ್ ಬಡಾವಣೆ. ಪಶ್ಚಿಮಕ್ಕೆ ಹಳೆಯ ನಗರವನ್ನು ಹೊತ್ತಿರುವ ಪುಟ್ಟ ದ್ವೀಪದ ತುದಿ. ಕತ್ತಲಾದ ಮೇಲೆ ಈ ನೀರಿನಲ್ಲಿ ನೀಲಿ, ಹಸಿರು ಬೆಳಕಿನ ತುಣುಕುಗಳು ಸಾಲಾಗಿ ಹೊರಡುತ್ತವೆ. ಅವು ತಳ ಪಾರದರ್ಶಕವಾಗಿರುವ ಕಯಾಕ್ ದೋಣಿಗಳು. ಅಡಿಯಲ್ಲಿ ಎಲ್‌ಇಡಿ ಪಟ್ಟಿ, ಮುಂದೆ ಒಬ್ಬ ಮಾರ್ಗದರ್ಶಿ, ಹಿಂದೆ ಜೋಡಿ ಜೋಡಿಯಾಗಿ ಹುಟ್ಟು ಹಾಕುವ ಪ್ರವಾಸಿಗಳು. ಒಂದು, ಒಂದೂವರೆ ಗಂಟೆ ಸುತ್ತಾಡಿ ಹೊರಟ ದಡಕ್ಕೇ ಮರಳುತ್ತಾರೆ. ಹೊರಟ ದಡಕ್ಕೇ ಮರಳುವ ದೋಣಿ ಈ ನೀರಿನ ಚರಿತ್ರೆಯಲ್ಲಿ ತೀರ ಹೊಸದು. ಅದಕ್ಕೂ ಮೊದಲು ನಾಲ್ಕು ಶತಮಾನಗಳ ಕಾಲ ಇದು ದಾಟಬೇಕಾದ ನೀರು ಅಥವಾ ದಾಟಗೊಡಬಾರದ ನೀರು ಆಗಿತ್ತು.

ಲಗೂನಿಗೆ ಎರಡು ಬಾಗಿಲು. ವಾಯವ್ಯ ಮೂಲೆಯಲ್ಲಿ ಅದು ನೇರವಾಗಿ ಸಾಗರಕ್ಕೆ ತೆರೆಯುತ್ತದೆ. ನಮ್ಮ ಕರಾವಳಿಯವರು ಅಳಿವೆ ಬಾಗಿಲು ಎಂದು ಕರೆಯಬಹುದಾದ ಈ ಜಾಗಕ್ಕೆ ಸ್ಪ್ಯಾನಿಷ್‌ನಲ್ಲಿ ಬೊಕೆರೋನ್, ಅಂದರೆ ದೊಡ್ಡ ಬಾಯಿ, ಎಂದು ಹೆಸರು. ನೈರುತ್ಯದಲ್ಲಿ ಸಾನ್ ಆಂಟೋನಿಯೊ ಎಂಬ ಕಾಲುವೆ ಲಗೂನನ್ನು ಸಾನ್ ಹ್ವಾನ್ ಕೊಲ್ಲಿಗೆ ಜೋಡಿಸುತ್ತದೆ. ಇಲ್ಲಿ ಉಬ್ಬರವಿಳಿತದ ಅಂತರ ಒಂದು ಅಡಿಯ ಆಸುಪಾಸು ಮಾತ್ರ. ಹಗಲೆಲ್ಲ ಪೂರ್ವದಿಂದ ಬೀಸುವ ವಾಣಿಜ್ಯ ಮಾರುತ ನೀರನ್ನು ಕದಡುತ್ತಿರುತ್ತದೆ. ರಾತ್ರಿಯಾದಂತೆ ಗಾಳಿ ಸೋಲುತ್ತದೆ, ನೀರು ನೆಲಸುತ್ತದೆ. ಹುಟ್ಟು ಹಿಡಿದು ಅಭ್ಯಾಸವಿಲ್ಲದವರನ್ನು ಇಲ್ಲಿ ರಾತ್ರಿಯಲ್ಲೇ ದೋಣಿಗೆ ಹತ್ತಿಸುವುದರ ಹಿಂದೆ ಬೆಳಕಿನ ಸೊಗಸಷ್ಟೇ ಅಲ್ಲ, ಈ ಗಾಳಿಯ ಲೆಕ್ಕವೂ ಇದೆ.

ಬೊರಿಕೆನ್ ಎಂದು ತಾವು ಕರೆಯುತ್ತಿದ್ದ ಈ ದ್ವೀಪದ ಮೂಲನಿವಾಸಿಗಳು ತಾಯ್ನೊ ಜನ. ನಮ್ಮ ಕರಾವಳಿಯ ಪಾತಿ ದೋಣಿಯಂತೆ ಒಂದೇ ಮರವನ್ನು ಕೊರೆದು ಅವರು ದೋಣಿ ಮಾಡುತ್ತಿದ್ದರು. ಅದಕ್ಕೆ ಒದಗುತ್ತಿದ್ದ ಮರಗಳಲ್ಲಿ ಸೇಯ್ಬಾ ಮುಖ್ಯವಾದದ್ದು. ಕರ್ನಾಟಕದಲ್ಲಿ ದಿಂಬಿನ ಹತ್ತಿಗಾಗಿ ಬೆಳೆಸುವ ಬಿಳಿ ಬೂರುಗ ಇದೇ ಮರ. ಅಮೆರಿಕದ ಉಷ್ಣವಲಯದಿಂದ ಲೋಕವೆಲ್ಲ ಹಬ್ಬಿದ ಗಿಡಗಳಲ್ಲಿ ಅದೂ ಒಂದು. ಆ ದೋಣಿಗೆ ತಾಯ್ನೊ ಭಾಷೆಯಲ್ಲಿ ‘ಕನೋವ’ ಎಂಬ ಹೆಸರಿತ್ತು. 1492ರಲ್ಲಿ ಕೊಲಂಬಸ್ ಕೇಳಿಸಿಕೊಂಡ ಆ ಮಾತು ಎರಡು ಮೂರು ವರ್ಷದೊಳಗೆ ನೆಬ್ರಿಹಾ ಎಂಬ ವಿದ್ವಾಂಸನ ಸ್ಪ್ಯಾನಿಷ್ ನಿಘಂಟನ್ನು ಸೇರಿತು. ಅಮೆರಿಕದ ನೆಲದಿಂದ ಯೂರೋಪಿನ ನಿಘಂಟಿಗೆ ಹೋದ ಮೊದಲ ಪದ ಅದೇ. ಇಂಗ್ಲಿಷಿನ ಕನೂ ಹುಟ್ಟಿದ್ದೂ ಅದರಿಂದಲೇ. ಆ ಮಾತನ್ನಾಡುತ್ತಿದ್ದ ಜನರ ಬದುಕು ಗಣಿಗೂ ರೋಗಕ್ಕೂ ಸಿಕ್ಕಿ ಅರ್ಧ ಶತಮಾನದಲ್ಲಿ ನುಚ್ಚುನೂರಾಯಿತು. ಮಾತು ಮಾತ್ರ ಉಳಿದುಕೊಂಡಿತು.

ಸ್ಪೇನಿನವರು ಮೊದಲು 1508ರಲ್ಲಿ ಕೊಲ್ಲಿಯ ದಕ್ಷಿಣಕ್ಕೆ ಕಪಾರಾ ಎಂಬಲ್ಲಿ ನೆಲೆಯೂರಿದ್ದರು. ಜೌಗು, ಸೊಳ್ಳೆಗಳಿಂದ ಬೇಸತ್ತು 1521ರ ಹೊತ್ತಿಗೆ ಊರನ್ನು ಕೊಲ್ಲಿಯ ಬಾಯಲ್ಲಿದ್ದ ದ್ವೀಪಕ್ಕೆ ಸಾಗಿಸಿದರು. ಈ ಸ್ಥಳಾಂತರ ಲಗೂನಿನ ಹಣೆಬರಹವನ್ನು ಬರೆಯಿತು. ದ್ವೀಪದ ಪಶ್ಚಿಮ ತುದಿಯಲ್ಲಿ ಎಲ್ ಮೊರ್ರೊ ಕೋಟೆ ಎದ್ದ ಮೇಲೆ ಸಮುದ್ರದ ಕಡೆಯಿಂದ ಕೊಲ್ಲಿಗೆ ನುಗ್ಗುವುದು ಶತ್ರುವಿಗೆ ಕಷ್ಟವಾಯಿತು. ಉಳಿದದ್ದು ಹಿತ್ತಿಲ ಬಾಗಿಲು: ಪೂರ್ವದ ಮರಳ ದಂಡೆಯಲ್ಲಿ ಇಳಿದು, ಭೂಮಾರ್ಗವಾಗಿ ಬಂದು, ಲಗೂನನ್ನೋ ಸಾನ್ ಆಂಟೋನಿಯೊ ಕಾಲುವೆಯನ್ನೋ ದಾಟಿ ಊರಿನ ಬೆನ್ನಿಗೆ ಬೀಳುವುದು. ಹಾಗಾಗಿ ಕಾಲುವೆಯ ಮೇಲೆ ಕಾವಲಿನ ಸೇತುವೆ ಬಂತು, ಬೊಕೆರೋನ್ ಬಾಯಲ್ಲಿ ತೋಪುಗಳು ಕೂತವು.

1595ರ ನವೆಂಬರಿನಲ್ಲಿ ಫ್ರಾನ್ಸಿಸ್ ಡ್ರೇಕ್ ಬಂದ. ಜೊತೆಯ ನಾಯಕ ಜಾನ್ ಹಾಕಿನ್ಸ್ ದ್ವೀಪದ ಹತ್ತಿರ ಬರುವಷ್ಟರಲ್ಲೇ ಕಾಯಿಲೆಯಿಂದ ತೀರಿಕೊಂಡಿದ್ದ. ಕೆಟ್ಟು ನಿಂತ ಸ್ಪೇನಿನ ನಾವೆಯೊಂದರಿಂದ ಇಳಿಸಿ ಊರಲ್ಲಿ ಕೂಡಿಟ್ಟಿದ್ದ ಬೆಳ್ಳಿಯ ಮೇಲೆ ಇಂಗ್ಲಿಷರ ಕಣ್ಣಿತ್ತು. ಊರಿನ ಪೂರ್ವಕ್ಕೆ ಲಂಗರು ಹಾಕಿದ ಡ್ರೇಕನ ಹಡಗಿಗೆ ದಡದ ತೋಪಿನ ಗುಂಡೊಂದು ಹೊಕ್ಕು ಊಟಕ್ಕೆ ಕೂತಿದ್ದ ಅಧಿಕಾರಿಗಳಿಗೆ ಬಡಿಯಿತು. ಅವರಲ್ಲಿ ನಿಕೊಲಾಸ್ ಕ್ಲಿಫರ್ಡ್ ಸತ್ತ. ಡ್ರೇಕನ ಕೆಳಗಿದ್ದ ಆಸನ ಹಾರಿಹೋಯಿತು, ಅವನು ಉಳಿದ. ಮರುರಾತ್ರಿ ಅವನು ಸಣ್ಣ ದೋಣಿಗಳನ್ನು ಕೊಲ್ಲಿಯೊಳಕ್ಕೆ ಕಳಿಸಿ ಅಲ್ಲಿ ನಿಂತಿದ್ದ ಸ್ಪೇನಿನ ಹಡಗುಗಳಿಗೆ ಬೆಂಕಿ ಹಚ್ಚಿಸಿದ. ಉಪಾಯ ತಿರುಗಿ ಬಿತ್ತು. ಉರಿವ ಹಡಗಿನ ಬೆಳಕಿನಲ್ಲಿ ಕತ್ತಲೆಯೆಲ್ಲ ಬಯಲಾಗಿ ಕೋಟೆಯ ತೋಪಿನವರಿಗೆ ಇಂಗ್ಲಿಷ್ ದೋಣಿಗಳು ಒಂದೊಂದೂ ಗುರಿಗೆ ಸಿಕ್ಕವು. ಸಾನ್ ಹ್ವಾನಿನ ನೀರಲ್ಲಿ ರಾತ್ರಿ, ಸಣ್ಣ ದೋಣಿ, ಬೆಳಕು ಈ ಮೂರೂ ಒಂದೆಡೆ ಸೇರಿದ ಪ್ರಸಿದ್ಧ ಪ್ರಸಂಗಗಳಲ್ಲಿ ಮೊದಲನೆಯದು ಇದು.

ಮೂರು ವರ್ಷದ ನಂತರ, 1598ರಲ್ಲಿ, ಕಂಬರ್ಲೆಂಡಿನ ಅರ್ಲ್ ಜಾರ್ಜ್ ಕ್ಲಿಫರ್ಡ್ ಡ್ರೇಕನ ತಪ್ಪು ಮಾಡಲಿಲ್ಲ. ಅವನು ಪೂರ್ವದ ಕಾಂಗ್ರೆಹೋಸ್ ದಂಡೆಯಲ್ಲಿ ಸೈನ್ಯ ಇಳಿಸಿ ಹಿತ್ತಿಲ ಬಾಗಿಲಿಗೇ ಬಂದ. ರಾತ್ರಿಯಲ್ಲಿ ಸಾನ್ ಆಂಟೋನಿಯೊ ಕಾಲುವೆಯ ಹಾದಿಯ ಮೇಲೆ ನುಗ್ಗಿದಾಗ ಸ್ಪೇನಿನವರ ಗುಂಡಿನೇಟಿಗೆ ಸಿಕ್ಕಿ ದಂಡು ಹಿಂದೆ ಸರಿಯಬೇಕಾಯಿತು. ಆ ಗಲಿಬಿಲಿಯಲ್ಲಿ ಅರ್ಲನೇ ಜಾರಿ ನೀರಿಗೆ ಬಿದ್ದ; ಮೈಮೇಲಿನ ಉಕ್ಕಿನ ಕವಚದ ಭಾರಕ್ಕೆ ಮುಳುಗುವುದರಲ್ಲಿದ್ದ. ಕೈಹಿಡಿದು ಎಳೆದವರಿಂದ ಬದುಕಿದ. ಈ ವಿವರಗಳನ್ನು ಬರೆದಿಟ್ಟವನು ದಂಡಿನ ಪಾದ್ರಿ ಜಾನ್ ಲೇಫೀಲ್ಡ್. ಮುಂದೆ ಬೈಬಲ್ಲನ್ನು ಇಂಗ್ಲಿಷಿಗೆ ತಂದ ಕಿಂಗ್ ಜೇಮ್ಸ್ ಮಂಡಲಿಯಲ್ಲೂ ಅವನಿದ್ದ. ಸೇತುವೆಯ ಹಾದಿ ಕೈಕೊಟ್ಟಿದ್ದರಿಂದ ಇಂಗ್ಲಿಷರು ದೋಣಿಗಳಲ್ಲಿ ನೀರನ್ನು ದಾಟಿ ದ್ವೀಪದ ಪೂರ್ವ ತುದಿಯಲ್ಲಿ ಇಳಿದರು. ಎಲ್ ಮೊರ್ರೊ ಶರಣಾಯಿತು. ಆದರೆ ಗೆದ್ದ ಊರಲ್ಲಿ ಅವರಿಗೆ ಎರಡು ತಿಂಗಳು ಮೀರಿ ಉಳಿಯಲಾಗಲಿಲ್ಲ. ಆಮಶಂಕೆ ನೂರಾರು ಸೈನಿಕರನ್ನು ಕೊಂದಿತು, ಉಳಿದವರು ಹಡಗು ಹತ್ತಿದರು.

ಕಾಂಗ್ರೆಹೋಸ್ ಎಂದರೆ ಏಡಿಗಳು. ಲಗೂನಿನ ಆಚೆಯ ಜೌಗು ನೆಲಕ್ಕೆ ಈ ಹೆಸರು ಬಿದ್ದದ್ದು ಅಲ್ಲಿ ಹೇರಳವಾಗಿದ್ದ ಏಡಿಗಳಿಂದ. 1664ರಲ್ಲಿ ಸ್ಪೇನಿನ ಆಡಳಿತ ಒಂದು ತೀರ್ಮಾನ ಮಾಡಿತು: ಅನ್ಯರಾಷ್ಟ್ರಗಳ ದ್ವೀಪಗಳಿಂದ ತಪ್ಪಿಸಿಕೊಂಡು ಬಂದ ಗುಲಾಮರು ಪೋರ್ಟೊ ರಿಕೊದಲ್ಲಿ ಸ್ವತಂತ್ರರು. ಇದು ದಯೆಯಿಂದ ಬಂದದ್ದಲ್ಲ. ಶತ್ರುವಿನ ತೋಟಗಳಿಂದ ಆಳುಗಳನ್ನು ಸೆಳೆಯುವ, ನಗರದ ಬೆನ್ನಿಗೆ ಕಾವಲು ಕೂರಿಸುವ ಲೆಕ್ಕಾಚಾರ ಇದ್ದದ್ದು ಸ್ಪಷ್ಟ. ಏಕೆಂದರೆ ದ್ವೀಪದೊಳಗಿನ ಗುಲಾಮಗಿರಿ 1873ರವರೆಗೂ ಮುಂದುವರಿಯಿತು. ಹಾಗೆ ಬಂದವರಿಗೆ ನೆಲ ಸಿಕ್ಕಿದ್ದು ಕಾಂಗ್ರೆಹೋಸಿನಲ್ಲಿ. ದೋಣಿಯಲ್ಲಿ ಸಮುದ್ರ ದಾಟಿ ಬಂದ ಈ ಕರಿಯ ಜನ ಲಗೂನಿನ ಪೂರ್ವಕ್ಕೆ ಸ್ವತಂತ್ರರ ಊರೊಂದನ್ನು ಕಟ್ಟಿದರು, ಮರಗೆಣಸು ಬೆಳೆದರು, ಮೀನು ಏಡಿ ಹಿಡಿದು ನಗರಕ್ಕೆ ಮಾರಿದರು. ಯುದ್ಧ ಬಂದಾಗ ಮೊದಲ ಏಟಿಗೆ ಒಡ್ಡಿಕೊಂಡವರೂ ಅವರೇ.

ಆ ಯುದ್ಧ ಬಂದದ್ದು 1797ರ ಏಪ್ರಿಲಿನಲ್ಲಿ. ಟ್ರಿನಿಡಾಡನ್ನು ಆಗಷ್ಟೇ ಗೆದ್ದಿದ್ದ ಜನರಲ್ ರಾಲ್ಫ್ ಅಬರ್‌ಕ್ರೋಂಬಿ, ಅಡ್ಮಿರಲ್ ಹೆನ್ರಿ ಹಾರ್ವಿ 60ಕ್ಕೂ ಹೆಚ್ಚು ಹಡಗುಗಳೊಂದಿಗೆ ಬಂದು ಕಾಂಗ್ರೆಹೋಸ್ ದಂಡೆಯಲ್ಲಿ ಸಾವಿರಾರು ಸೈನಿಕರನ್ನು ಇಳಿಸಿದರು. ಆದರೆ ಎರಡು ಶತಮಾನದಲ್ಲಿ ಹಿತ್ತಿಲ ಬಾಗಿಲಿಗೆ ಬೀಗ ಬಿದ್ದಿತ್ತು. ಬೊಕೆರೋನ್ ಬಾಯಲ್ಲಿ ಸಾನ್ ಹೆರೋನಿಮೊ ಎಂಬ ಸಣ್ಣ ಕೋಟೆ, ಸೇತುವೆಯ ಬಳಿ ಸಾನ್ ಆಂಟೋನಿಯೊ ಎಂಬ ಇನ್ನೊಂದು. ಗವರ್ನರ್ ರಾಮೋನ್ ದೆ ಕಾಸ್ಟ್ರೊ ಸೇತುವೆಯನ್ನೇ ಮುರಿಸಿದ. ಬ್ರಿಟಿಷರು ಈಗಿನ ಮಿರಾಮಾರ್, ಕೊಂಡಾಡೊ ದಿಣ್ಣೆಗಳ ಮೇಲೆ ತೋಪು ಹೂಡಿದರು. ಎರಡು ವಾರ ಲಗೂನಿನ ನೆತ್ತಿಯ ಮೇಲೆ ಗುಂಡುಗಳು ಆಚೀಚೆ ಹಾರಿದವು. ಕೋಟೆಗಳು ಜಖಂಗೊಂಡರೂ ಬೀಳಲಿಲ್ಲ, ನೀರು ದಾಟಲು ಬ್ರಿಟಿಷರಿಗೆ ಆಗಲಿಲ್ಲ. ಕಾಂಗ್ರೆಹೋಸಿನ ಕರಿಯರ ದಳ ಹೊರಗಿನಿಂದ ಅವರನ್ನು ಕಾಡುತ್ತಲೇ ಇತ್ತು. ಏಪ್ರಿಲ್ ಮುಗಿಯುತ್ತಿದ್ದಂತೆ ಅಬರ್‌ಕ್ರೋಂಬಿ ಸೈನ್ಯವನ್ನು ಹಡಗಿಗೆ ಹತ್ತಿಸಿದ.

ಈ ಹಿಮ್ಮೆಟ್ಟುವಿಕೆಗೆ ಜನ ಬೇರೆಯೇ ಕಾರಣ ಹೇಳುತ್ತಾರೆ. ಮುತ್ತಿಗೆಯ ಒಂದು ರಾತ್ರಿ ಬಿಷಪ್ಪನ ಮುಂದಾಳತ್ವದಲ್ಲಿ ಹೆಂಗಸರು ಪಂಜು ಹಿಡಿದು, ಘಂಟೆ ಬಾರಿಸುತ್ತ, ಪ್ರಾರ್ಥಿಸುತ್ತ ಊರಿನ ಬೀದಿಗಳಲ್ಲಿ ಮೆರವಣಿಗೆ ಹೋದರಂತೆ. ನೀರಿನಾಚೆಯಿಂದ ನೋಡಿದ ಬ್ರಿಟಿಷರು ಅಷ್ಟೂ ಬೆಳಕನ್ನು ಹೊಸದಾಗಿ ಬಂದ ದಂಡೆಂದು ತಿಳಿದು ಹೆದರಿದರಂತೆ. ಇದು ಐತಿಹ್ಯ. ತೋಪು ಮತ್ತು ಮುರಿದ ಸೇತುವೆ ಸಾಕಷ್ಟು ಕಾರಣವಾಗಿದ್ದವು. ಆದರೂ ಹಳೆಯ ಸಾನ್ ಹ್ವಾನಿನಲ್ಲಿ ನೆನಪಿನ ಶಿಲ್ಪ ನಿಂತಿರುವುದು ತೋಪಿನವರಿಗಲ್ಲ, ಪಂಜಿನ ಮೆರವಣಿಗೆಗೆ. ‘ಲಾ ರೊಗಾಟಿವಾ’ ಎಂಬ ಆ ಕಂಚಿನ ಗುಂಪನ್ನು ಲಿಂಡ್ಸೆ ಡೇನ್ 1971ರಲ್ಲಿ ಮಾಡಿದ. ಕತ್ತಲ ನೀರಿನಾಚೆಗೆ ಕಾಣುವ ಬೆಳಕು ಏನೆಂದು ಹೇಳುವುದು ಕಷ್ಟ ಎಂಬಷ್ಟನ್ನಾದರೂ ಈ ಕಥೆ ಸರಿಯಾಗಿಯೇ ಹಿಡಿದಿದೆ.

ನಂತರದ ನೂರು ವರ್ಷ ಲಗೂನಿನ ಸುತ್ತ ಸದ್ದಿಲ್ಲ. 1862ರಲ್ಲಿ ಕಾಂಗ್ರೆಹೋಸ್ ಎಂಬ ಪುರಸಭೆಯನ್ನು ರದ್ದುಮಾಡಿ ಅದರ ನೆಲವನ್ನು ಅಕ್ಕಪಕ್ಕದವರಿಗೆ ಹಂಚಲಾಯಿತು. ಸ್ಪೇನಿನ ಬಾಸ್ಕ್ ಸೀಮೆಯ ಸಾಂಟೂರ್ಸೆ ಊರಿನಿಂದ ಬಂದಿದ್ದ ಪಾಬ್ಲೊ ಉಬಾರಿ ಎಂಬ ಪ್ರಬಲ ವ್ಯಕ್ತಿ ನಗರದಿಂದ ರಿಯೊ ಪಿಯೆದ್ರಾಸ್ ಎಂಬ ಊರಿನವರೆಗೆ ಉಗಿ ಟ್ರಾಮ್ ಓಡಿಸಿದ. ಅವನಿಗೆ ಸಾಂಟೂರ್ಸೆಯ ಕೌಂಟ್ ಎಂಬ ಬಿರುದು ಸಿಕ್ಕಿತು. ಏಡಿಗಳ ಊರು ಸಾಂಟೂರ್ಸೆ ಎಂದು ಹೆಸರು ಬದಲಿಸಿಕೊಂಡಿತು. ಕೌಂಟನ ಸೀಮೆ ಎಂಬ ಅರ್ಥದ ‘ಕೊಂಡಾಡೊ’ ಕಡಲಂಚಿನ ಪಟ್ಟಿಗೆ ಅಂಟಿತು. ಕನ್ನಡದ ಕಿವಿಗೆ ಕೊಂಡಾಟದಂತೆ ಕೇಳುವ ಈ ಹೆಸರಿನಲ್ಲಿ ನಿಜಕ್ಕೂ ಇರುವುದು ಒಬ್ಬ ಸಿರಿವಂತನ ಬಿರುದು. ಸ್ವತಂತ್ರ ಕರಿಯರ ಊರಿನ ಗುರುತು ಭೂಪಟದಿಂದ ಅಳಿದದ್ದು ಹೀಗೆ.

1898ರ ಸ್ಪೇನ್-ಅಮೆರಿಕ ಯುದ್ಧದ ನಂತರ ಪೋರ್ಟೊ ರಿಕೊ ಅಮೆರಿಕ ಸಂಯುಕ್ತ ಸಂಸ್ಥಾನದ ವಶವಾಯಿತು. ಪಕ್ಕದ ಸೇಂಟ್ ಥಾಮಸ್ ದ್ವೀಪದಲ್ಲಿ ಹುಟ್ಟಿದ ಸೊಸ್ತೆನೀಸ್ ಬೇನ್, ಹೆರ್ನಾಂಡ್ ಬೇನ್ ಎಂಬ ಅಣ್ಣತಮ್ಮಂದಿರು ಸಕ್ಕರೆ ವ್ಯಾಪಾರದಿಂದ ಜಮೀನಿನ ವ್ಯಾಪಾರಕ್ಕೆ ಇಳಿದು ಕೊಂಡಾಡೊವನ್ನು ನಿವೇಶನಗಳಾಗಿ ಬಿಡಿಸಿದರು. ಅಲ್ಲಿಗೆ ಜನ ಬರಬೇಕಾದರೆ ದಾರಿ ಬೇಕು. 20ನೇ ಶತಮಾನದ ಮೊದಲ ದಶಕದ ಕೊನೆಯ ಹೊತ್ತಿಗೆ ಬೊಕೆರೋನ್ ಬಾಯಿಗೆ ಅಡ್ಡಲಾಗಿ ಹಳೆಯ ನಗರದ ದ್ವೀಪವನ್ನೂ ಕೊಂಡಾಡೊವನ್ನೂ ಜೋಡಿಸುವ ಸೇತುವೆ ತಯಾರಾಯಿತು. ಅದರ ಹೆಸರು ಇವತ್ತಿಗೂ ದೋಸ್ ಎರ್ಮಾನೋಸ್, ಅಂದರೆ ಅಣ್ಣತಮ್ಮಂದಿರಿಬ್ಬರು. ಕಂಬರ್ಲೆಂಡನೂ ಅಬರ್‌ಕ್ರೋಂಬಿಯೂ ಪ್ರಾಣಪಣ ಹೂಡಿದ್ದ ನೀರು ನಿವೇಶನ ಕೊಳ್ಳುವವರಿಗೆ ನಿಮಿಷದ ಹಾದಿಯಾಯಿತು. ಅದೇ ಅಣ್ಣತಮ್ಮಂದಿರು ದ್ವೀಪದ ಟೆಲಿಫೋನ್ ಕಂಪನಿಯನ್ನು ಆಧರಿಸಿ 1920ರಲ್ಲಿ ಐಟಿಟಿ ಎಂಬ ಜಗತ್ಪ್ರಸಿದ್ಧ ಸಂಸ್ಥೆಯನ್ನು ಕಟ್ಟಿದರು.

ಸೇತುವೆಯ ಹಿಂದೆಯೇ ಹೋಟೆಲುಗಳು ಬಂದವು. 1919ರಲ್ಲಿ ತೆರೆದ ಕೊಂಡಾಡೊ ವಾಂಡರ್‌ಬಿಲ್ಟ್ ಹೋಟೆಲಿನ ವಿನ್ಯಾಸ ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದ ವಾಸ್ತುಶಿಲ್ಪಿಗಳಾದ ವಾರೆನ್ ಮತ್ತು ವೆಟ್‌ಮೋರ್ ಸಂಸ್ಥೆಯದು. 1949ರ ಡಿಸೆಂಬರಿನಲ್ಲಿ ಸಾನ್ ಹೆರೋನಿಮೊ ಕೋಟೆಯ ಪಕ್ಕದಲ್ಲೇ ಕರೀಬೆ ಹಿಲ್ಟನ್ ತಲೆಯೆತ್ತಿತು. ಕೃಷಿಯಿಂದ ಕೈಗಾರಿಕೆ ಮತ್ತು ಪ್ರವಾಸದತ್ತ ದ್ವೀಪವನ್ನು ಎಳೆಯುವ ಸರ್ಕಾರಿ ಯೋಜನೆಯ ಭಾಗವಾಗಿ ಅದನ್ನು ಸರ್ಕಾರವೇ ಕಟ್ಟಿ ಹಿಲ್ಟನ್ ಕಂಪನಿಗೆ ನಡೆಸಲು ಕೊಟ್ಟಿತು. ಅನಾನಸ್, ತೆಂಗಿನ ಹಾಲು, ರಮ್ ಬೆರೆಸಿದ ಪಿನ್ಯಾ ಕೊಲಾಡಾ ತನ್ನ ಬಾರಿನಲ್ಲೇ 1954ರಲ್ಲಿ ಹುಟ್ಟಿತೆಂದು ಆ ಹೋಟೆಲ್ ಹೇಳಿಕೊಳ್ಳುತ್ತದೆ. ಊರಿನ ಒಂದು ರೆಸ್ಟೋರೆಂಟಿನವರು ಒಪ್ಪುವುದಿಲ್ಲ.

ಇಷ್ಟರ ನಡುವೆ ನೀರಿನ ಗತಿ ಕೆಟ್ಟಿತು. ನಗರಕ್ಕೆ ನೆಲ ಸಾಲದೆ ಜೌಗುಗಳನ್ನು ತುಂಬಿಸುವ ಕೆಲಸ 20ನೇ ಶತಮಾನದ ನಡುಭಾಗದಲ್ಲಿ ಭರದಿಂದ ನಡೆಯಿತು. ತುಂಬಿಸಲು ಬೇಕಾದ ಮರಳನ್ನು ಲಗೂನಿನ ತಳದಿಂದಲೇ ಅಗೆದು ಎತ್ತಿದರು. ಆಳವಿಲ್ಲದ, ಬಿಸಿಲು ತಲುಪುವ ತಳದಲ್ಲಿ ಕಡಲಹುಲ್ಲು ಬೆಳೆಯುತ್ತಿದ್ದ ಕಡೆ ಸುತ್ತಲಿಗಿಂತ ಹಲವು ಮೀಟರ್ ಆಳದ ಹೊಂಡಗಳಾದವು. ಅಂಥ ಹೊಂಡಕ್ಕೆ ಬೆಳಕು ಇಳಿಯುವುದಿಲ್ಲ, ಮೇಲಿನ ನೀರು ಬೆರೆಯುವುದಿಲ್ಲ. ಬಿದ್ದ ಎಲೆ, ಸತ್ತ ಜೀವಿಗಳು ಅಲ್ಲೇ ಕೊಳೆತು ಇದ್ದಬದ್ದ ಆಮ್ಲಜನಕವನ್ನೂ ತಿನ್ನುತ್ತವೆ. ದಡದ ಕಾಂಡ್ಲಾ ಗಿಡಗಳನ್ನು ಕಡಿದು ಕಾಂಕ್ರೀಟು ಗೋಡೆ ಕಟ್ಟಿದ್ದರಿಂದ ಮೀನಿನ ಮರಿಗಳಿಗೆ ಬೇರಿನ ಆಸರೆಯೂ ತಪ್ಪಿತು. ಮಳೆ ಬಂದರೆ ಬೀದಿಯ ನೀರೆಲ್ಲ ಕೊಳವೆಗಳಲ್ಲಿ ಬಂದು ಇಲ್ಲಿ ಬೀಳುತ್ತಿತ್ತು.

ಹೀಗಾದರೂ ಕೊಂಡಾಡೊ ಪೂರ್ತಿ ಸಾಯಲಿಲ್ಲ, ಕಾರಣ ಬೊಕೆರೋನ್. ಸೇನಾಧಿಪತಿಗಳ ನಿದ್ದೆ ಕೆಡಿಸಿದ್ದ ಅದೇ ಬಾಯಿ ದಿನಕ್ಕೆ ಇಷ್ಟಿಷ್ಟು ಸಾಗರದ ನೀರನ್ನು ಒಳಗೆ ಬಿಟ್ಟುಕೊಂಡು ಲಗೂನನ್ನು ತೊಳೆಯುತ್ತ ಬಂತು. ಇದರ ಬೆಲೆ ತಿಳಿಯಬೇಕಾದರೆ ಕೆಲವೇ ಕಿಲೋಮೀಟರ್ ಆಚೆಯ ಸಾನ್ ಹೊಸೆ ಲಗೂನನ್ನು ನೋಡಬೇಕು. ಅದನ್ನು ಕೊಲ್ಲಿಗೆ ಜೋಡಿಸುವ ಮಾರ್ಟಿನ್ ಪೆನ್ಯಾ ಕಾಲುವೆಯ ದಡಕ್ಕೆ 1928 ಮತ್ತು 1932ರ ಚಂಡಮಾರುತಗಳ ನಂತರದ ವರ್ಷಗಳಲ್ಲಿ ಹಳ್ಳಿಗಳಿಂದ ಬಡವರು ಬಂದು, ಜೌಗಿನ ಮೇಲೆ ಸಿಕ್ಕಿದ್ದನ್ನು ತುಂಬಿ ಮನೆ ಕಟ್ಟಿಕೊಂಡರು. ಚರಂಡಿ ವ್ಯವಸ್ಥೆ ಅವರನ್ನು ತಲುಪಲಿಲ್ಲ. ಕಾಲುವೆಯ ಪೂರ್ವಭಾಗ ಹೂಳು ಕಸದಿಂದ ಮುಚ್ಚಿಹೋಗಿ ನೀರಿನ ಹರಿವು ಬಹುತೇಕ ನಿಂತಿತು. ಒಂದೇ ನಗರದ ಎರಡು ನೀರುಗಳಲ್ಲಿ ಒಂದನ್ನು ಅತಿಯಾಗಿ ಅಗೆದರು, ಇನ್ನೊಂದನ್ನು ಹೂತುಹೋಗಲು ಬಿಟ್ಟರು. ದೋಣಿಯ ಕೆಳಗೆ ದೀಪ ಹಚ್ಚಿದರೆ ತಳ ಕಾಣುವುದು ಕೊಂಡಾಡೊದಲ್ಲಿ ಮಾತ್ರ.

1992ರಲ್ಲಿ ಕೊಲ್ಲಿ, ಲಗೂನುಗಳು, ಕಾಲುವೆಗಳು ಎಲ್ಲವೂ ಸೇರಿ ಸಾನ್ ಹ್ವಾನ್ ಕೊಲ್ಲಿಯ ಅಳಿವೆ ಪ್ರದೇಶ ಅಮೆರಿಕದ ರಾಷ್ಟ್ರೀಯ ಕಾರ್ಯಕ್ರಮವೊಂದರ ರಕ್ಷಣೆಗೆ ಒಳಪಟ್ಟಿತು. ಕೊಂಡಾಡೊದ ದಡದಲ್ಲಿ ಸ್ವಯಂಸೇವಕರು ಕೆಂಪು ಕಾಂಡ್ಲಾ ಸಸಿ ನೆಟ್ಟರು, ಮೀನುಗಳಿಗೆ ಮನೆಯಾಗಲೆಂದು ಕೃತಕ ಬಂಡೆಗಳನ್ನು ಇಳಿಸಿದರು. ದಕ್ಷಿಣ ದಂಡೆಯ ಉದ್ಯಾನಕ್ಕೆ ಪೋರ್ಟೊ ರಿಕೊ ವಿಶ್ವವಿದ್ಯಾಲಯವನ್ನು ಬೆಳೆಸಿದ ಹೈಮೆ ಬೆನಿಟೆಸ್ ಅವರ ಹೆಸರು. ಬಾಯಿಯ ಬಳಿ ಮಾತ್ರ ಜಗಳ ನಡೆದೇ ಇತ್ತು. ಸಾನ್ ಹೆರೋನಿಮೊ ಕೋಟೆಗೆ ಹೋಗುವ ದಾರಿಯ ಪಕ್ಕ ಎದ್ದ ವಸತಿ ಗೋಪುರಗಳು ನಿಂತಿರುವ ನೆಲ ಸಾರ್ವಜನಿಕರದು ಎಂದು 2007ರಲ್ಲಿ ಜನ ಬೀದಿಗಿಳಿದರು. ಕಡಲ ನೀರು ಮುಟ್ಟುವ ನೆಲ ಯಾರ ಸ್ವತ್ತೂ ಅಲ್ಲ ಎಂಬ ತತ್ವ ಇಲ್ಲಿ ಸ್ಪೇನಿನ ಕಾಲದ ಕಾಯಿದೆಯಿಂದ ಬಂದದ್ದು. 2008ರಲ್ಲಿ ದ್ವೀಪದ ಸುಪ್ರೀಂ ಕೋರ್ಟ್ ಕಟ್ಟಿದವರ ಪರ ತೀರ್ಪು ಕೊಟ್ಟಿತು. 2013ರಲ್ಲಿ ಶಾಸನಸಭೆ ಲಗೂನನ್ನು ನಿಸರ್ಗಧಾಮವೆಂದು ಘೋಷಿಸಿತು. ಯಂತ್ರದ ದೋಣಿಗಳಿಗೆ ತಡೆ ಬಿತ್ತು. ಹುಟ್ಟಿನ ದೋಣಿಗಳಿಗೆ ನೀರು ತೆರವಾಯಿತು.

ಆ ಹೊತ್ತಿಗೆ ಕಯಾಕ್ ದೂರದ ದಾರಿ ಕ್ರಮಿಸಿ ಬಂದಿತ್ತು. ಆರ್ಕ್ಟಿಕ್ ಸೀಮೆಯ ಇನ್ಯುಯಿಟ್ ಜನರ ‘ಕಯಾಕ್’ ಬೇಟೆಗಾರನ ದೋಣಿ. ಮರವಿಲ್ಲದ ನಾಡಿನಲ್ಲಿ ಅಲೆ ತಂದು ಹಾಕಿದ ತುಂಡುಗಳಿಂದ, ಎಲುಬಿನಿಂದ ಹಂದರ ಕಟ್ಟಿ, ಸೀಲ್ ಚರ್ಮ ಹೊದಿಸಿ, ಅದನ್ನು ನಡೆಸುವವನ ಮೈಯಳತೆಗೇ ಹೊಂದಿಸುತ್ತಿದ್ದರು. ಸೀಲಿಗೆ ಸುಳಿವು ಹತ್ತದಂತೆ ಸದ್ದಿಲ್ಲದೆ ಹತ್ತಿರ ಹೋಗುವುದೇ ಅದರ ಗುಣ. 1907ರಲ್ಲಿ ಜರ್ಮನಿಯ ದರ್ಜಿ ಯೋಹಾನ್ ಕ್ಲೆಪರ್ ಮಡಚಿ ರೈಲಿನಲ್ಲಿ ಒಯ್ಯಬಹುದಾದ ಬಟ್ಟೆ ಹೊದಿಕೆಯ ಕಯಾಕ್ ಮಾರತೊಡಗಿದ. 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ಅದು ಸ್ಪರ್ಧೆಯಾಯಿತು. 1970ರ ದಶಕದಲ್ಲಿ ಅಚ್ಚಿನಲ್ಲಿ ಎರಕವಾಗುವ ಪ್ಲಾಸ್ಟಿಕ್ ಕಯಾಕುಗಳು ಬಂದವು. ಒಳಗೆ ಕಾಲು ತೂರಿಸದೆ ಮೇಲೆ ಕೂರುವ ಬಗೆಯೂ ಬಂತು. ಮಗುಚಿದರೆ ಸಿಕ್ಕಿಕೊಳ್ಳುವ ಭಯವಿಲ್ಲ, ಒಳಬಂದ ನೀರು ತೂತುಗಳಿಂದ ತಾನೇ ಇಳಿದುಹೋಗುತ್ತದೆ. ಕಲಿಯದವರಿಗೂ ಬಾಡಿಗೆಗೆ ಕೊಡಬಹುದಾದ ದೋಣಿ ಇದು. ಬಾಡಿಗೆ ದೋಣಿಯ ಕಸುಬು ಬೆಳೆದದ್ದು ಇದರ ಮೇಲೆಯೇ.

ರಾತ್ರಿ ಹೋಗುವ ರೂಢಿಗೆ ಪೋರ್ಟೊ ರಿಕೊದಲ್ಲಿ ಬೇರೆ ಮೂಲವಿದೆ. ವಿಯೆಕೆಸ್ ದ್ವೀಪದ ಮೊಸ್ಕಿಟೊ ಕೊಲ್ಲಿ, ಫಹಾರ್ಡೊದ ಲಗುನಾ ಗ್ರಾಂದೆ, ನೈರುತ್ಯದ ಲಾ ಪಾರ್ಗೆರಾ ಈ ಮೂರು ಕಡೆ ನೀರು ತಾನಾಗಿ ಹೊಳೆಯುತ್ತದೆ. ಪೈರೊಡಿನಿಯಮ್ ಬಹಮೆನ್ಸ್ ಎಂಬ ಏಕಕೋಶ ಜೀವಿ ಕದಡಿದಾಗಲೆಲ್ಲ ನೀಲಿ ಬೆಳಕು ಚಿಮ್ಮಿಸುತ್ತದೆ. ಕೆಲವು ವರ್ಷಗಳ ಹಿಂದೆ ನಮ್ಮ ಕರಾವಳಿಯಲ್ಲಿ ರಾತ್ರಿ ಅಲೆಗಳು ನೀಲಿಯಾದದ್ದು ಅದರ ದೂರದ ನೆಂಟ ನಾಕ್ಟಿಲ್ಯುಕಾದಿಂದ. ನಮ್ಮಲ್ಲಿ ಅದು ಬಂದು ಹೋಗುವ ಅತಿಥಿ. ಅಲ್ಲಿ ಪೈರೊಡಿನಿಯಮ್ ಕಿರಿದಾದ ಬಾಯಿಯ, ಕಾಂಡ್ಲಾ ಸುತ್ತಿದ ಕೊಲ್ಲಿಗಳಲ್ಲಿ ವರ್ಷವಿಡೀ ಮನೆ ಮಾಡಿಕೊಂಡಿರುತ್ತದೆ. ಯಂತ್ರದ ಎಣ್ಣೆ, ಮೈಗೆ ಬಳಿದ ಲೇಪಗಳು ಅದಕ್ಕೆ ವಿಷ. ಆದ್ದರಿಂದ ವಿಯೆಕೆಸ್, ಫಹಾರ್ಡೊಗಳಲ್ಲಿ ಮಾರ್ಗದರ್ಶಿಯ ಹಿಂದೆ ಕಯಾಕುಗಳ ಸಾಲು ಹೋಗುವ ಪದ್ಧತಿ ಬೇರೂರಿತು. 2010ರ ದಶಕದಲ್ಲಿ ಕೊಂಡಾಡೊದಲ್ಲಿ ಶುರುವಾದದ್ದು ಅದೇ ಪದ್ಧತಿ, ಹೊಳೆಯುವ ಜೀವಿಯ ಜಾಗದಲ್ಲಿ ಬ್ಯಾಟರಿ. ಕೊಂಡಾಡೊ ತಾನಾಗಿ ಹೊಳೆಯುವ ನೀರಲ್ಲ. ಎರಡನ್ನೂ ಒಂದೇ ಎಂಬಂತೆ ಮಾರುವವರಿಂದ ನಿರಾಶರಾಗಿ ಮರಳುವ ಪ್ರವಾಸಿಗಳು ಇದ್ದೇ ಇರುತ್ತಾರೆ.

ಬ್ಯಾಟರಿಯ ಬೆಳಕು ಅಗ್ಗವಾದದ್ದಕ್ಕೂ ಒಂದು ಚರಿತ್ರೆಯಿದೆ. ಕೆಂಪು, ಹಸಿರು ಎಲ್‌ಇಡಿಗಳು ಮೊದಲೇ ಇದ್ದವು. 1990ರ ದಶಕದ ಆರಂಭದಲ್ಲಿ ಜಪಾನಿನಲ್ಲಿ ಪ್ರಖರ ನೀಲಿ ಎಲ್‌ಇಡಿ ಸಾಧ್ಯವಾದ ಮೇಲೆಯೇ ಬಿಳಿ ಬೆಳಕೂ ಎಲ್‌ಇಡಿಯಿಂದ ಬರುವಂತಾಯಿತು. ಅದಕ್ಕಾಗಿ ಅಕಸಾಕಿ, ಅಮಾನೊ, ನಕಮುರಾ ಅವರಿಗೆ 2014ರ ನೊಬೆಲ್ ಬಂತು. ನೀರು ಕೆಂಪನ್ನು ಬೇಗ ನುಂಗುತ್ತದೆ, ನೀಲಿ ಹಸಿರನ್ನು ಆಳಕ್ಕೆ ಬಿಡುತ್ತದೆ. ದೋಣಿಯಡಿಯ ಪಟ್ಟಿಗಳಿಗೆ ಆ ಬಣ್ಣಗಳು ಒಗ್ಗುವುದು ಇದಕ್ಕೆ. ಬೆಳಕಿಗೆ ಮೊದಲು ಪ್ಲವಕಗಳು ಕೂಡುತ್ತವೆ, ಅವುಗಳನ್ನು ತಿನ್ನಲು ಸಣ್ಣ ಮೀನು, ಸಣ್ಣ ಮೀನಿಗಾಗಿ ದೊಡ್ಡವು. ದೊಂದಿ ಹಿಡಿದು ಮೀನು ಹಿಡಿಯುವವರಿಗೆ ಎಲ್ಲ ನಾಡುಗಳಲ್ಲೂ ಗೊತ್ತಿದ್ದ ಗುಟ್ಟು ಇದು. ಇಲ್ಲಿ ಬಲೆ ಇಲ್ಲ, ಬರೀ ನೋಡುವುದು.

ಸುತ್ತು ಹೊರಡುವುದು ಸಾಮಾನ್ಯವಾಗಿ ಉದ್ಯಾನದ ದಂಡೆಯಿಂದ ಅಥವಾ ದೋಸ್ ಎರ್ಮಾನೋಸ್ ಸೇತುವೆಯ ಬದಿಯ ಪುಟ್ಟ ಮರಳಿನಿಂದ. ಲೈಫ್ ಜಾಕೆಟ್ ತೊಡಿಸಿ, ಹುಟ್ಟು ಹಿಡಿಯುವುದನ್ನು ನೆಲದ ಮೇಲೆ ನಿಂತೇ ತೋರಿಸುತ್ತಾರೆ. ಜೋಡಿ ದೋಣಿಯಲ್ಲಿ ಹಿಂದೆ ಕೂತವರು ದಿಕ್ಕು ಹಿಡಿಯಬೇಕು, ಮುಂದಿನವರು ಲಯ ಕೊಡಬೇಕು. ಮೊದಲ ಹತ್ತು ನಿಮಿಷ ಪಕ್ಕದ ದೋಣಿಗೆ ಗುದ್ದದೆ ಹೋದ ಗಂಡಹೆಂಡಿರು ಅಪರೂಪ. ಹುಟ್ಟಿನ ದೋಣಿಯವರು ರಾತ್ರಿ ಬಿಳಿ ಬೆಳಕಿನ ಟಾರ್ಚನ್ನು ಕೈಗೆ ಸಿಗುವಂತೆ ಇಟ್ಟುಕೊಂಡು, ಡಿಕ್ಕಿ ತಪ್ಪಿಸಲು ಬೇಕಾದಾಗ ತೋರಿಸಬೇಕೆಂಬುದು ಅಮೆರಿಕದ ಜಲಸಂಚಾರ ನಿಯಮ. ಅಡಿಯ ಬಣ್ಣದ ಪಟ್ಟಿ ಅದಕ್ಕೆ ಬದಲಿಯಲ್ಲ. ತಳದಲ್ಲಿ ಕಡಲಹುಲ್ಲು, ನಕ್ಷತ್ರ ಮೀನು. ಬೆಳಕಿನಂಚಿನಲ್ಲಿ ಸೂಜಿಯಂಥ ಕೊಕ್ಕಿನ ಮೀನುಗಳು. ಒಮ್ಮೊಮ್ಮೆ ಸ್ಥಳೀಯರು ಸಾಬಾಲೊ ಎನ್ನುವ ಟಾರ್ಪನ್ ಬೆಳ್ಳಿಯಂತೆ ಹೊರಳುತ್ತದೆ. ಹುಲ್ಲು ಮೇಯಲು ಹಸಿರು ಕಡಲಾಮೆ ಬರುವುದುಂಟು. ಕಡಲಹಸು ಎನ್ನಬಹುದಾದ ಮನಾಟಿ ಕಂಡರೆ ಹುಟ್ಟು ಎತ್ತಿ ಸುಮ್ಮನೆ ನಿಲ್ಲಬೇಕು. ಅದು ಕಾಯಿದೆಯ ರಕ್ಷಣೆಯಲ್ಲಿರುವ ಪ್ರಾಣಿ. ಬೆನ್ನಟ್ಟುವುದು, ಮುಟ್ಟುವುದು, ತಿನ್ನಿಸುವುದು ಅಪರಾಧ.

ಬೆಳಕು ನಿರಪಾಯವೇ ಎಂಬ ಪ್ರಶ್ನೆ ಇದ್ದೇ ಇದೆ. ಮರಳಿನಿಂದ ಹೊರಬರುವ ಆಮೆಮರಿಗಳು ದಡದ ದೀಪಕ್ಕೆ ಮರುಳಾಗಿ ದಿಕ್ಕು ತಪ್ಪುವುದು ಲೋಕಕ್ಕೆಲ್ಲ ಗೊತ್ತು. ಕತ್ತಲಲ್ಲಿ ಅಡಗಿ ಬದುಕುವ ಮರಿಮೀನುಗಳನ್ನು ಬೆಳಕು ಬೇಟೆಗಾರರ ಬಾಯಿಗೆ ಒಡ್ಡುತ್ತದೆ. ಆದರೆ ಕೊಂಡಾಡೊದ ರಾತ್ರಿಯನ್ನು ಬೆಳಗುತ್ತಿರುವುದರಲ್ಲಿ ದೋಣಿಯ ಪಾಲು ತೀರ ಚಿಕ್ಕದು. ಸುತ್ತಲ ಹೋಟೆಲುಗಳ ಕಿಟಕಿ, ಸೇತುವೆಯ ದೀಪ, ಹೋಟೆಲು ಸಾಲಿನ ಆಶ್‌ಫರ್ಡ್ ರಸ್ತೆಯ ಫಲಕಗಳು ನೀರನ್ನು ಮುಂಜಾವದವರೆಗೂ ಬಿಡುವುದಿಲ್ಲ. 2017ರ ಸೆಪ್ಟೆಂಬರ್ 20ರಂದು ಮರಿಯಾ ಚಂಡಮಾರುತ ಬಡಿದಾಗ ಇಡೀ ದ್ವೀಪದ ವಿದ್ಯುತ್ ಜಾಲ ಕುಸಿಯಿತು, ಕೆಲವು ಊರುಗಳಿಗೆ ತಿಂಗಳುಗಟ್ಟಲೆ ದೀಪ ಬರಲಿಲ್ಲ. ಎಷ್ಟೋ ದಶಕಗಳ ನಂತರ ಲಗೂನಿನ ಮೇಲೆ ನಿಜವಾದ ಕತ್ತಲು ಬಿದ್ದದ್ದು ಆಗ.

ತಳದ ಹೊಂಡಗಳು ಇನ್ನೂ ಲೆಕ್ಕದಲ್ಲಿವೆ. ಸಾನ್ ಹ್ವಾನ್ ಬಂದರನ್ನು ಆಳಗೊಳಿಸುವ 2018ರ ಯೋಜನೆಯಲ್ಲಿ ಅಮೆರಿಕದ ಸೇನಾ ಎಂಜಿನಿಯರ್ ದಳ ಒಂದು ಮಾತು ಸೇರಿಸಿತು: ಬಂದರಿನಿಂದ ಎತ್ತುವ ಮಣ್ಣಿನಲ್ಲಿ ಒಂದಷ್ಟನ್ನು ಕೊಂಡಾಡೊದ ಹೊಂಡಗಳಿಗೆ ತುಂಬಿ ಕಡಲಹುಲ್ಲು ಮತ್ತೆ ಬೇರೂರುವ ಮಟ್ಟಕ್ಕೆ ತಳವನ್ನು ಏರಿಸುವುದು. ಬೆಳಕಿನ ದೋಣಿ ಹೊಂಡದ ಮೇಲೆ ಬಂದಾಗ ಗುರುತು ಸಿಗುತ್ತದೆ. ಅಲ್ಲಿಯವರೆಗೂ ಕಾಣುತ್ತಿದ್ದ ಹುಲ್ಲು, ಮರಳು ತಟ್ಟನೆ ಇಲ್ಲವಾಗಿ ಅಡಿಯಲ್ಲಿ ಬರೀ ಹಸಿರು ಮಬ್ಬು ಉಳಿಯುತ್ತದೆ. ಸಾಲು ಅಲ್ಲಿಂದ ಸಾನ್ ಹೆರೋನಿಮೊ ಕೋಟೆಯ ಗೋಡೆ ಕಾಣುವಷ್ಟು ದೂರ ಹೋಗುತ್ತದೆ. ಬೊಕೆರೋನ್ ಬಾಯಲ್ಲಿ ಅಲೆಯ ಒಡೆತ, ಸೆಳವು ಎರಡೂ ಇರುವುದರಿಂದ ಮಾರ್ಗದರ್ಶಿ ಅದಕ್ಕೆ ಮುಂಚೆಯೇ ದೋಣಿಗಳನ್ನು ತಿರುಗಿಸುತ್ತಾನೆ.